ಸಮಾಜ ವಿಜ್ಞಾನ ಅಧ್ಯಾಪಕರು ಎಂ.ಎಡ್. ಮಾಡಬೇಕೇ? ವರ್ಕಾಡಿ ಪರಿಸರದ ಪದವೀಧರರ ಗಮನಕ್ಕೆ



ಬಿ.ಎಡ್. ಫಲಿತಾಂಶ ಬಂದ ಮೇಲೆ ಪ್ರತಿ ವರ್ಷವೂ ನಮ್ಮ ಸಂಘಕ್ಕೆ ಮೂವರೋ ನಾಲ್ವರೋ ಫೈಲು ಹಿಡಿದುಕೊಂಡು ಬರುತ್ತಾರೆ. ಹೆಚ್ಚಿನವರು ಚರಿತ್ರೆ ಅಥವಾ ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಸಮಾಜ ವಿಜ್ಞಾನದಲ್ಲಿ ಬಿ.ಎಡ್. ಮಾಡಿದವರು. ಮಜೀರ್ಪಳ್ಳ, ಕೊಡ್ಲಮೊಗರು, ಪಾವೂರು, ಪಾತೂರು ಕಡೆಯ ಮಕ್ಕಳು. ಕೇಳುವ ಪ್ರಶ್ನೆ ಒಂದೇ: "ಮಾಮ, ಇನ್ನು ಎಂ.ಎಡ್. ಮಾಡಿದರೆ ಕೆಲಸ ಸಿಕ್ಕೀತಾ?" ಬಾಯಿಮಾತಿನಲ್ಲಿ ಹೇಳಿದ್ದು ಅವರು ಮನೆ ತಲುಪುವಷ್ಟರಲ್ಲಿ ಅರ್ಧವಾಗಿರುತ್ತದೆ. ಆದ್ದರಿಂದ ಈ ಸಲ ಬರೆದೇ ಹಾಕುತ್ತಿದ್ದೇವೆ.

ನಾವು ಶಿಕ್ಷಣ ತಜ್ಞರಲ್ಲ. ನೌಕರಿಯ ಕಾಲವನ್ನೆಲ್ಲ ಗುಮಾಸ್ತಿಕೆಯಲ್ಲಿ ಕಳೆದವರು. ಆ ಕೆಲಸದಿಂದ ಉಳಿದ ಒಂದೇ ಗುಣವೆಂದರೆ ಯಾವ ನಿಯಮವನ್ನಾದರೂ ಮೊದಲ ಸಾಲಿನಿಂದ ಕೊನೆಯ ಟಿಪ್ಪಣಿಯವರೆಗೆ ಓದುವುದು. ಹಾಗೆ ಓದಿದ್ದನ್ನೂ, ಮಾಡಿದವರಿಂದ ಕೇಳಿದ್ದನ್ನೂ ಇಲ್ಲಿ ಕೊಡುತ್ತೇವೆ. ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇವೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಕೆಲಸಕ್ಕೆ ಎಂ.ಎಡ್. ಅಗತ್ಯವಿಲ್ಲ. ಅಧ್ಯಾಪಕರನ್ನು ತಯಾರು ಮಾಡುವ ಜಾಗಕ್ಕೆ ಹೋಗಬೇಕಾದರೆ ಅದು ಬೇಕೇ ಬೇಕು. ಕಾಸರಗೋಡಿನ ಕನ್ನಡ ಮಾಧ್ಯಮಕ್ಕೆ ಈಗ ಹೆಚ್ಚು ಕೊರತೆ ಇರುವುದು ಆ ಎರಡನೆಯ ಜಾಗದಲ್ಲಿ ಎಂದು ನಮ್ಮ ಅಭಿಪ್ರಾಯ.

ಪದವಿಯ ಸ್ವರೂಪ

"ಸಮಾಜ ವಿಜ್ಞಾನದಲ್ಲಿ ಎಂ.ಎಡ್." ಎಂದು ಮಾತಿನಲ್ಲಿ ಹೇಳುತ್ತೇವೆ. ಆದರೆ ಬಿ.ಎಡ್.ನಂತೆ ಇದನ್ನು ವಿಷಯವಾರು ಹಂಚಿದ ಪದವಿ ಎಂದು ತಿಳಿಯಬಾರದು. ಶಿಕ್ಷಣದ ತತ್ವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಂಶೋಧನಾ ವಿಧಾನ, ಪಠ್ಯಕ್ರಮ ಇವೆಲ್ಲ ಎಲ್ಲರಿಗೂ ಸಮಾನ. ಪ್ರಾಥಮಿಕ ಹಂತ ಅಥವಾ ಪ್ರೌಢ ಹಂತ ಎಂದು ಒಂದನ್ನು ವಿಶೇಷ ಅಧ್ಯಯನಕ್ಕೆ ಆರಿಸಿಕೊಳ್ಳಬೇಕು. ನೀವು ಸಮಾಜ ವಿಜ್ಞಾನದವರು ಎಂಬ ಗುರುತು ಬರುವುದು ಐಚ್ಛಿಕ ಪತ್ರಿಕೆಗಳಿಂದ, ಅದಕ್ಕಿಂತ ಹೆಚ್ಚಾಗಿ ಕೊನೆಗೆ ಬರೆಯುವ ಪ್ರಬಂಧದಿಂದ.

ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ, 2014ರ ನಿಯಮಾವಳಿ ಬಂದ ಮೇಲೆ ಬಿ.ಎಡ್.ನಂತೆ ಎಂ.ಎಡ್. ಕೂಡ ಎರಡು ವರ್ಷದ್ದಾಯಿತು. ಮೊದಲು ಎರಡೂ ಒಂದೊಂದು ವರ್ಷ. ಹಳೆಯ ಒಂದು ವರ್ಷದ ಎಂ.ಎಡ್. ಪಡೆದವರ ಪದವಿಗೆ ಇದರಿಂದ ತೊಂದರೆ ಇಲ್ಲ. ಸೇರಲು ಬಿ.ಎಡ್.ನಲ್ಲಿ ಕನಿಷ್ಠ 50 ಶೇಕಡಾ ಅಂಕ ಇರಬೇಕು. ಡಿ.ಎಲ್.ಎಡ್. ಮಾಡಿ ಬಿ.ಎ. ಅಥವಾ ಬಿ.ಎಸ್ಸಿ. ಪಡೆದವರಿಗೂ 50 ಶೇಕಡಾ ಇದ್ದರೆ ಅವಕಾಶ ಇದೆ. ಟಿ.ಟಿ.ಸಿ. ಮಾಡಿ ಕೆಳ ಪ್ರಾಥಮಿಕದಲ್ಲಿ ಕಲಿಸುವ ನಮ್ಮ ಅನೇಕ ಟೀಚರುಗಳಿಗೆ ಈ ವಿಷಯ ತಿಳಿದಿಲ್ಲ. ವರ್ಷಕ್ಕೆ 200 ಕೆಲಸದ ದಿನ, ತರಗತಿಯಲ್ಲಿ 80 ಶೇಕಡಾ ಹಾಜರಿ, ಕ್ಷೇತ್ರ ಕಾರ್ಯದಲ್ಲಿ 90 ಶೇಕಡಾ. ಎಂದರೆ ಕೆಲಸಕ್ಕೆ ಹೋಗುತ್ತಾ ಬದಿಯಲ್ಲಿ ಮಾಡಿ ಮುಗಿಸುವ ಓದಲ್ಲ.

ಹೊಸ ಶಿಕ್ಷಣ ನೀತಿಗೆ ಹೊಂದಿಕೊಂಡು ಮತ್ತೆ ಒಂದು ವರ್ಷದ ಎಂ.ಎಡ್. ತರುವ ಕರಡು ನಿಯಮವನ್ನು ಎನ್‌ಸಿಟಿಇ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಆ ವರ್ಷದ ಕೈಪಿಡಿ ನೋಡಿ, ಯಾವ ನಿಯಮದಡಿ ಪ್ರವೇಶ, ಎಷ್ಟು ವರ್ಷ ಎಂದು ಖಚಿತಪಡಿಸಿಕೊಳ್ಳಿ. ಹಿಂದಿನ ವರ್ಷದ ಕೈಪಿಡಿಯನ್ನು ಗೆಳತಿಯಿಂದ ವಾಟ್ಸ್ಆ್ಯಪಿನಲ್ಲಿ ತರಿಸಿ ಅದನ್ನೇ ನಂಬುವವರು ಬಹಳ ಮಂದಿ.

ಯಾವ ಕೆಲಸಕ್ಕೆ ಏನು ಬೇಕು

ಸರಕಾರಿ ಹೈಸ್ಕೂಲುಗಳ ಎಚ್.ಎಸ್.ಟಿ. ಸೋಶಿಯಲ್ ಸಯನ್ಸ್ ಕನ್ನಡ ಮಾಧ್ಯಮ ಹುದ್ದೆಗೆ ಕೇರಳ ಪಿ.ಎಸ್.ಸಿ. ಅರ್ಜಿ ಕರೆಯುತ್ತದೆ. ಬೇಕಾದದ್ದು ಸಂಬಂಧಪಟ್ಟ ವಿಷಯದ ಪದವಿ, ಬಿ.ಎಡ್. ಮತ್ತು ಕೆ-ಟೆಟ್ ಮೂರನೇ ವಿಭಾಗದ ತೇರ್ಗಡೆ. ಈ ಪರೀಕ್ಷೆಯಲ್ಲಿ 150 ಪ್ರಶ್ನೆ, 150 ಅಂಕ. ಹದಿಹರೆಯದವರ ಮನಶ್ಶಾಸ್ತ್ರ ಮತ್ತು ಕಲಿಕೆಯ ಸಿದ್ಧಾಂತಕ್ಕೆ 40, ಭಾಷೆಗೆ 30, ವಿಷಯಕ್ಕೆ 80. ಭಾಷೆಯ ಭಾಗದಲ್ಲಿ ಕನ್ನಡ ಆರಿಸಿಕೊಳ್ಳಬಹುದು. ಸಾಮಾನ್ಯ ವರ್ಗದವರು 90 ಅಂಕ ತೆಗೆಯಬೇಕು. ಅನುದಾನಿತ ಶಾಲೆಯಲ್ಲಿ ನೇಮಕ ಮಾಡುವುದು ಮ್ಯಾನೇಜರು. ಆದರೆ ವಿದ್ಯಾರ್ಹತೆ ಇದೇ.

ಎಂ.ಎಡ್. ಇದ್ದವರಿಗೆ ಕೆ-ಟೆಟ್ ವಿನಾಯಿತಿ ಎಂದು ಹಿಂದಿನ ಅಧಿಸೂಚನೆಗಳಲ್ಲಿ ಕಂಡದ್ದುಂಟು. ಅದೊಂದನ್ನೇ ನೆಚ್ಚಿ ಎರಡು ವರ್ಷ ಕೊಡುವುದು ಬುದ್ಧಿವಂತಿಕೆ ಅಲ್ಲ. ಒಂದರಿಂದ ಎಂಟನೇ ತರಗತಿಯವರೆಗಿನ ಅಧ್ಯಾಪಕರಿಗೆ ಟೆಟ್ ಕಡ್ಡಾಯ ಎಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟ ಮೇಲೆ ವಿನಾಯಿತಿಗಳ ಮಾತೇ ಅಲುಗಾಡುತ್ತಿದೆ. ಎಂ.ಎಡ್. ಮಾಡಿ, ಮಾಡದಿರಿ, ಕೆ-ಟೆಟ್ ಬರೆದು ಇಟ್ಟುಕೊಳ್ಳಿ.

ಹಯರ್ ಸೆಕೆಂಡರಿಯಲ್ಲಿ ಸಮಾಜ ವಿಜ್ಞಾನ ಎಂಬ ವಿಷಯವೇ ಇಲ್ಲ. ಅಲ್ಲಿ ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೂಗೋಳ, ಸಮಾಜಶಾಸ್ತ್ರ ಬೇರೆ ಬೇರೆ. ಅದಕ್ಕೆ ಆಯಾ ವಿಷಯದ ಎಂ.ಎ., ಬಿ.ಎಡ್. ಮತ್ತು ಸೆಟ್. ಎಂ.ಎ. ಬಿಟ್ಟು ಬರೇ ಎಂ.ಎಡ್. ಮಾಡಿದವರಿಗೆ ಈ ಬಾಗಿಲು ತೆರೆಯುವುದಿಲ್ಲ.

ಇನ್ನು ಬಿ.ಎಡ್. ಕಾಲೇಜಿನಲ್ಲಿ ಕಲಿಸಬೇಕಾದರೆ? ಎನ್‌ಸಿಟಿಇ ನಿಯಮದ ಪ್ರಕಾರ ಸಮಾಜ ವಿಜ್ಞಾನ ಬೋಧನಾ ಪತ್ರಿಕೆ ತೆಗೆದುಕೊಳ್ಳುವವರಿಗೆ ಸಮಾಜ ವಿಜ್ಞಾನದ ಯಾವುದಾದರೂ ವಿಷಯದಲ್ಲಿ ಎಂ.ಎ. ಮತ್ತು ಎಂ.ಎಡ್., ಎರಡರಲ್ಲೂ 55 ಶೇಕಡಾ ಬೇಕು. ಇದರ ಮೇಲೆ ಯು.ಜಿ.ಸಿ. ನಿಯಮದ ನೆಟ್ ಅಥವಾ ಪಿ.ಎಚ್‌ಡಿ. ನೆಟ್‌ನಲ್ಲಿ "ಎಜುಕೇಶನ್" ಎಂಬ ವಿಷಯವೇ ಇದೆ, ಎಂ.ಎಡ್. ಓದುವಾಗಲೇ ಅದಕ್ಕೆ ತಯಾರಿ ಮಾಡುವುದು ಸುಲಭ. ಡಯಟ್‌ಗಳಲ್ಲಿಯೂ ಉಪನ್ಯಾಸಕರಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜತೆ ಎಂ.ಎಡ್. ಕೇಳುತ್ತಾರೆ. ನಮ್ಮ ಜಿಲ್ಲೆಯ ಡಯಟ್ ಮಾಯಿಪ್ಪಾಡಿಯಲ್ಲಿದೆ. ಕಣ್ಣೂರು ವಿಶ್ವವಿದ್ಯಾಲಯದ ಅಧ್ಯಾಪಕ ಶಿಕ್ಷಣ ಕೇಂದ್ರ ಚಾಲದಲ್ಲಿದೆ. ಹುದ್ದೆಗಳು ಕೈಬೆರಳಲ್ಲಿ ಎಣಿಸುವಷ್ಟು, ಖಾಲಿಯಾಗುವುದೂ ಅಪರೂಪ. ಇದನ್ನು ಮುಚ್ಚಿಟ್ಟು ಯಾರನ್ನೂ ಹುರಿದುಂಬಿಸುವುದು ನಮಗೆ ಇಷ್ಟವಿಲ್ಲ.

ಹಾಗಾದರೆ ಕೊರತೆ ಎಂದು ಯಾಕೆ ಹೇಳಿದಿರಿ ಎಂದು ಕೇಳಬಹುದು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ರಕ್ಷಕರು ಶಾಲೆಯ ಎದುರು ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಸಂಘಗಳು ಮನವಿ ಕೊಟ್ಟಿವೆ, ನ್ಯಾಯಾಲಯಕ್ಕೂ ಹೋದದ್ದುಂಟು. ಅದು ಕಣ್ಣಿಗೆ ಕಾಣುವ ಜಗಳ. ಕಾಣದೇ ಇರುವುದು ಪಠ್ಯಪುಸ್ತಕದ ವಿಷಯ. ಎಸ್‌ಸಿಇಆರ್‌ಟಿ ಸಮಾಜ ವಿಜ್ಞಾನದ ಪುಸ್ತಕವನ್ನು ಕನ್ನಡದಲ್ಲಿಯೂ ತರುತ್ತದೆ, ಅದು ಒಳ್ಳೆಯದೇ. 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೇ ತರಗತಿಗೆ, 2025ರಲ್ಲಿ ಉಳಿದ ತರಗತಿಗಳಿಗೆ ಹತ್ತನೆಯವರೆಗೆ ಹೊಸ ಪುಸ್ತಕ ಬಂತು. ಆದರೆ ಮೂಲ ಬರೆಯುವುದು ಬೇರೆ ಭಾಷೆಯಲ್ಲಿ; ಕನ್ನಡಕ್ಕೆ ಬರುವಾಗ ಅನುವಾದ. ಅನುವಾದ ಮಾಡುವವರು, ತಿದ್ದುವವರು, ಅಧ್ಯಾಪಕರ ತರಬೇತಿಯಲ್ಲಿ ಅದನ್ನು ವಿವರಿಸುವವರು ಬೇಕಲ್ಲ. ವಿಷಯವೂ ಗೊತ್ತಿದ್ದು, ಕನ್ನಡವೂ ಗೊತ್ತಿದ್ದು, ಪಠ್ಯಕ್ರಮ ಹೇಗೆ ಕಟ್ಟುತ್ತಾರೆಂದೂ ಓದಿದವರು ಎಷ್ಟು ಮಂದಿ ಇದ್ದಾರೆ? ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದುಕೊಂಡೇ ನವೋದಯ ವಾಚನ ಮಾಲೆ ಎಂಬ ಪಾಠಪುಸ್ತಕಗಳನ್ನು ಮಾಡಿಕೊಟ್ಟರು. ಅದು ಭಾಷೆಗೆ. ಸಮಾಜ ವಿಜ್ಞಾನಕ್ಕೆ ಅಂತಹ ಕೆಲಸ ಬಾಕಿ ಇದೆ.

ಒಂದು ಪ್ರಶ್ನೆಯಿಂದ ಹುಟ್ಟಿದ ಪ್ರಬಂಧ

ಇದನ್ನು ನಮಗೆ ಮನದಟ್ಟು ಮಾಡಿಸಿದ್ದು ನಮ್ಮ ಕಡೆಯ ಒಬ್ಬ ತಾತ್ಕಾಲಿಕ ಅಧ್ಯಾಪಿಕೆ. ದಿನಗೂಲಿ ಲೆಕ್ಕದಲ್ಲಿ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದರು. ಭೂಸುಧಾರಣೆಯ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ನಿಂತು, "ಟೀಚರ್, ನಮ್ಮ ಊರಿನ ಜನ್ಮಿ ಯಾರು?" ಎಂದು ಕೇಳಿದನಂತೆ. ಇವರು ಒಂದು ಗುತ್ತಿನ ಮನೆಯ ಹೆಸರು ಹೇಳಿದರು. ಹುಡುಗ ಬಿಡಲಿಲ್ಲ. "ಅವರು ಧಣಿಗಳು ಟೀಚರ್. ಜನ್ಮಿ ಅಂತ ನಮ್ಮಲ್ಲಿ ಇಲ್ಲ ಅಂತ ಅಜ್ಜ ಹೇಳ್ತಾರೆ." ಆ ಸಂಜೆ ಅವರು ನಮ್ಮಲ್ಲಿಗೆ ಬಂದರು. ದಸ್ತಾವೇಜುಗಳ ನಡುವೆ ಕೆಲಸ ಮಾಡಿದವರಲ್ಲವೇ, ನಿಮಗೆ ಗೊತ್ತಿರಬಹುದು ಎಂದು.

ಅಜ್ಜ ಹೇಳಿದ್ದು ಸರಿಯಿತ್ತು. ಜನ್ಮಿ, ಕಾಣ, ವೆರುಂಪಾಟ್ಟ ಇವು ಮಲಬಾರಿನ ಪದ್ಧತಿ. ನಮ್ಮದು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಮಲಬಾರೂ ದಕ್ಷಿಣ ಕನ್ನಡವೂ ಮದ್ರಾಸ್ ಸರಕಾರದ ಅಡಿಯಲ್ಲೇ ಇದ್ದರೂ ಜಮೀನಿನ ಲೆಕ್ಕ ಬೇರೆ. ನಮ್ಮಲ್ಲಿ ಸರಕಾರಕ್ಕೆ ತೀರ್ವೆ ಕಟ್ಟುವವನು ವರ್ಗದಾರ. ಅವನ ಕೆಳಗೆ ಮೂಲಗೇಣಿಯವನು, ಅವನನ್ನು ಏಳಿಸುವಂತಿಲ್ಲ, ಗೇಣಿಯೂ ನಿಗದಿಯಾದದ್ದು. ಚಾಲಗೇಣಿಯವನ ಪಾಡು ಬೇರೆ, ಧಣಿಗಳ ಮರ್ಜಿಯ ಮೇಲೆ ಅವನ ಬೇಸಾಯ. ನಡುವೆ ವಾಯಿದೆ ಗೇಣಿ. ವರ್ಗದ ಬದಿಯ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆಗೆ ಕುಮ್ಕಿ ಹಕ್ಕು. ಈ ಶಬ್ದಗಳು ನಮ್ಮ ಕಡೆಯ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಇವೆ. ಪುಸ್ತಕದ ಅನುವಾದಕರು "ಜನ್ಮಿ" ಎಂಬುದನ್ನು ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಹೋದರೆ ಅವರ ತಪ್ಪೆನ್ನಲಾಗದು, ಮೂಲದಲ್ಲಿ ಇರುವುದು ಅದೇ. ತರಗತಿಯ ಹುಡುಗನಿಗೆ ಮಾತ್ರ ತನ್ನ ಅಜ್ಜನ ಚಾಲಗೇಣಿಯ ಕಥೆ ಚರಿತ್ರೆಯೇ ಅಲ್ಲ ಎಂದಾಗುತ್ತದೆ.

ಆಮೇಲೆ ಇನ್ನೊಂದು ಮಾತು ಬಂತು. ವರ್ಕಾಡಿಯ ಗಡಿಯ ಆಚೆ ಈಚೆ ನೆಂಟರಿರುವ ಮನೆಗಳು ಎಷ್ಟೋ. ಕೇರಳದಲ್ಲಿ 1963ರ ಭೂಸುಧಾರಣಾ ಕಾನೂನಿಗೆ 1969ರಲ್ಲಿ ತಿದ್ದುಪಡಿಯಾಗಿ, 1970ರ ಜನವರಿ 1ರಿಂದ ಒಕ್ಕಲುತನ ರದ್ದಾಯಿತು. ಕರ್ನಾಟಕದಲ್ಲಿ ಅದು ಆದದ್ದು 1974ರ ಮಾರ್ಚ್ 1ರಿಂದ. ಗಡಿಯ ಈಚೆ ಒಕ್ಕಲು ಲ್ಯಾಂಡ್ ಟ್ರಿಬ್ಯೂನಲಿಗೆ ಅಲೆದು ಪಟ್ಟೆ ಮಾಡಿಸಿಕೊಳ್ಳುವಾಗ, ಆಚೆ ಇದ್ದ ಅವನ ಭಾವ ಇನ್ನೂ ಅಕ್ಕಿ ಮುಡಿ ಹೊತ್ತು ಗೇಣಿ ಒಪ್ಪಿಸುತ್ತಿದ್ದ. ನಾಲ್ಕು ವರ್ಷದ ಈ ಅಂತರ ಒಂದೇ ಕುಟುಂಬದೊಳಗೆ ಏನೇನು ಮಾಡಿತು ಎಂಬುದನ್ನು ಯಾವ ರಾಜ್ಯದ ಪುಸ್ತಕವೂ ಬರೆಯಲಾರದು. ಬರೆಯಬಹುದಾದವರು ನಮ್ಮ ಮಕ್ಕಳು ಮಾತ್ರ.

"ಇದನ್ನೇ ಎಂ.ಎಡ್.ಗೆ ತೆಗೆದುಕೊಳ್ಳಿ" ಎಂದು ನಾವು ಹೇಳಿದೆವು. ಹೇಳುವುದು ಸುಲಭ; ಪ್ರಬಂಧವಾಗಬೇಕಾದರೆ ಅದು ಶಿಕ್ಷಣದ ಪ್ರಶ್ನೆಯಾಗಬೇಕು, ಬರೇ ಚರಿತ್ರೆ ಬರೆದರೆ ಮಾರ್ಗದರ್ಶಕರು ಹಿಂದೆ ಕೊಡುತ್ತಾರೆ. ಇದನ್ನು ಹಲವರು ತಡವಾಗಿ ಕಲಿಯುತ್ತಾರೆ. ಅವರು ಕೊನೆಗೆ ಮಾಡಿಕೊಂಡ ರೂಪ ಹೀಗಿದೆ: ಕನ್ನಡ ಮಾಧ್ಯಮದ ಎರಡು ತರಗತಿ. ಎರಡಕ್ಕೂ ಮೊದಲು ಒಂದು ಪೂರ್ವಪರೀಕ್ಷೆ. ಒಂದು ತರಗತಿಗೆ ಪುಸ್ತಕದಲ್ಲಿದ್ದಂತೆ ಪಾಠ. ಇನ್ನೊಂದಕ್ಕೆ ಅದೇ ಪಾಠ, ಜತೆಗೆ ಊರಿನ ಒಂದು ಮೂಲಗೇಣಿ ಪತ್ರದ ನಕಲು, ಹಿರಿಯರೊಬ್ಬರ ಮಾತು, ಶಬ್ದಗಳ ಒಂದು ಪಟ್ಟಿ. ಬಳಿಕ ಎರಡಕ್ಕೂ ಉತ್ತರ ಪರೀಕ್ಷೆ, ಸ್ವಲ್ಪ ದಿನ ಬಿಟ್ಟು ಇನ್ನೊಂದು. ಅಂಕಗಳ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ನಿಲ್ಲುತ್ತದೋ ನೋಡುವುದು. ಪತ್ರದಲ್ಲಿರುವ ಮನೆತನದ ಹೆಸರು ಮುಚ್ಚಬೇಕು, ಮುಖ್ಯೋಪಾಧ್ಯಾಯರ ಅನುಮತಿ ಲಿಖಿತವಾಗಿರಬೇಕು. ಗೇಣಿಯ ನೆನಪು ಕೆಲವು ಮನೆಗಳಲ್ಲಿ ಇನ್ನೂ ಹಸಿಯಾಗಿದೆ, ಎರಡೂ ಕಡೆಯವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ ಎಂಬುದನ್ನು ಮರೆಯಬಾರದು.

ಇಂತಹ ವಿಷಯಗಳಿಗೆ ಬರ ಇಲ್ಲ. ಭೂಗೋಳಕ್ಕೆ ಬೇಕಾದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗ. ಬಾಯಾರು, ಎಣ್ಮಕಜೆ ಕಡೆ ಇವತ್ತಿಗೂ ಅದರ ನೀರಲ್ಲಿ ಅಡಿಕೆ ತೋಟ ನಿಂತಿದೆ. ಅಂತರ್ಜಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಪೌರನೀತಿಗೆ, ಕೇರಳದ ಗ್ರಾಮ ಪಂಚಾಯತಿಗೂ ಕರ್ನಾಟಕದ ಗ್ರಾಮ ಪಂಚಾಯತಿಗೂ ಇರುವ ವ್ಯತ್ಯಾಸ. ನಮ್ಮ ಮಕ್ಕಳು ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಎರಡನ್ನೂ ನೋಡಬಹುದು. ಮನೆಯಲ್ಲಿ ತುಳು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಹೀಗೆ ಮೂರು ಭಾಷೆಯ ನಡುವೆ ಕಲಿಯುವ ಮಗು ಸಮಾಜ ವಿಜ್ಞಾನದ ಪರಿಭಾಷೆಯನ್ನು ಹೇಗೆ ಗ್ರಹಿಸುತ್ತದೆ ಎಂಬುದೇ ಒಂದು ದೊಡ್ಡ ವಿಷಯ. ಎಂಡೋಸಲ್ಫಾನ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ವಿಷದ ಕಥೆ ಪಾಠವಾಗಲೇಬೇಕು. ಆದರೆ ಬಾಧಿತರ ಮನೆಗೆ ಪ್ರಶ್ನಾವಳಿ ಹಿಡಿದು ಹೋದವರು ಈಗಾಗಲೇ ಸಾಕಷ್ಟು ಮಂದಿ. ಇನ್ನೊಬ್ಬರು ಹೋಗುವ ಮೊದಲು ಎರಡು ಸಲ ಯೋಚಿಸಬೇಕು.

ಎಲ್ಲಿ ಸೇರಬಹುದು

ಜಿಲ್ಲೆಯೊಳಗೆ ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಡ್. ಇದೆ. 2009ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ. ಪ್ರವೇಶ ಸಿಯುಇಟಿ ಪಿಜಿ ಪರೀಕ್ಷೆಯ ಮೂಲಕ, ಪಾಠ ಇಂಗ್ಲಿಷಿನಲ್ಲಿ. ನಮ್ಮಲ್ಲಿಂದ ಹೊಸಂಗಡಿಗೆ ಬಂದು ಕಾಸರಗೋಡು ದಾಟಿ ಹೋಗಬೇಕು. ನಿತ್ಯ ಹೋಗಿ ಬರುತ್ತೇವೆ ಎಂದವರು ಮೊದಲ ಮಳೆಗಾಲದಲ್ಲೇ ಹಾಸ್ಟೆಲು ಹುಡುಕಿದ್ದಾರೆ. ಒಂದು ಎಚ್ಚರಿಕೆ: ಕಲಬುರಗಿ ಬಳಿ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ, ಪೆರಿಯದ್ದಕ್ಕೂ ಹುಟ್ಟಿದ ವರ್ಷ ಒಂದೇ, ಇಂಗ್ಲಿಷಿನ ಮೂರಕ್ಷರದ ಚುಟುಕು ಹೆಸರೂ ಒಂದೇ. ಆನ್‌ಲೈನ್ ಅರ್ಜಿಯಲ್ಲಿ ಪೂರ್ತಿ ಹೆಸರು ಓದಿಯೇ ಗುರುತು ಹಾಕಿ.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಶುರುವಾದದ್ದು, ಎನ್‌ಸಿಇಆರ್‌ಟಿಯ ಅಡಿಯಲ್ಲಿದೆ. ದಕ್ಷಿಣದ ರಾಜ್ಯಗಳಿಗೆಲ್ಲ ಅದೇ ಕೇಂದ್ರ, ಕೇರಳವೂ ಅದರೊಳಗೆ ಬರುತ್ತದೆ. ಆದ್ದರಿಂದ ನಾವು ಅಲ್ಲಿ ಹೊರಗಿನವರಲ್ಲ. ಆವರಣದಲ್ಲೇ ಅವರ ಪ್ರಾಯೋಗಿಕ ಶಾಲೆ ಇರುವುದು ದೊಡ್ಡ ಅನುಕೂಲ. ಪ್ರವೇಶ ಪರೀಕ್ಷೆ ಇದೆ. ಸಮಾಜ ವಿಜ್ಞಾನ ಬೋಧನೆಯಲ್ಲಿ ನಿಜವಾದ ಆಸಕ್ತಿ ಇದ್ದವರು ಮೊದಲು ಇಲ್ಲಿಗೇ ಪ್ರಯತ್ನಿಸಲಿ ಎಂದು ನಾವು ಹೇಳುತ್ತೇವೆ.

ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿ­ದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿಯೂ ಎಂ.ಎಡ್. ವಿಭಾಗಗಳಿವೆ. ಕರ್ನಾಟಕದ ಹಲವು ಕಡೆ ಪರೀಕ್ಷೆಯನ್ನೂ ಪ್ರಬಂಧವನ್ನೂ ಕನ್ನಡದಲ್ಲಿ ಬರೆಯಲು ಅವಕಾಶ ಇದೆ. ಕನ್ನಡದಲ್ಲಿ ಬರೆದರೆ ಆಲೋಚನೆ ಸ್ಪಷ್ಟ, ಪರಿಭಾಷೆ ಕೈಗೆ ಬರುತ್ತದೆ. ನೆಟ್ ಬರೆಯುವಾಗ ಮಾತ್ರ ಇಂಗ್ಲಿಷಿನಲ್ಲಿ ಎಡವುತ್ತಾರೆ. ಇಂಗ್ಲಿಷಿನಲ್ಲಿ ಓದಿದವರು ನೆಟ್ ಪಾಸಾಗಿ ಬಂದು ಕನ್ನಡ ಮಾಧ್ಯಮದ ತರಬೇತಿಯಲ್ಲಿ ಮಾತಿಗೆ ತಡವರಿಸುತ್ತಾರೆ. ನಾವು ಕೊಡುವ ಸಲಹೆ: ಎಲ್ಲಿಯೇ ಓದಿ, ಟಿಪ್ಪಣಿಯನ್ನು ಎರಡೂ ಭಾಷೆಯಲ್ಲಿ ಮಾಡಿಕೊಳ್ಳಿ. ಜತೆಗೆ ಮಲಯಾಳ ಓದಲು ಬರೆಯಲು ಕಲಿಯಿರಿ. ಇದನ್ನು ಕನ್ನಡ ಸಂಘದವರು ಹೇಳುವುದೇ ಎಂದು ಕೆಲವರು ಹುಬ್ಬೇರಿಸುತ್ತಾರೆ. ಪಠ್ಯಪುಸ್ತಕದ ಕಾರ್ಯಾಗಾರದಲ್ಲಿ ಮೂಲವನ್ನು ಓದಲಾರದವರು ಅನುವಾದದ ತಪ್ಪನ್ನು ಹಿಡಿಯುವುದು ಹೇಗೆ?

ಕರ್ನಾಟಕದ ವೃತ್ತಿಪರ ಶಿಕ್ಷಣದ ಸಿಇಟಿ ನಿಯಮಗಳಲ್ಲಿ ಗಡಿನಾಡ ಕನ್ನಡಿಗರು ಎಂಬ ವರ್ಗ ಇದ್ದು, ಅದರಲ್ಲಿ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಹೆಸರಿದೆ. ಎಂ.ಎಡ್.ಗೆ ಅದು ತಾನಾಗಿ ಅನ್ವಯಿಸುತ್ತದೆ ಎಂದುಕೊಳ್ಳದೆ ಆಯಾ ವಿಶ್ವವಿದ್ಯಾಲಯದಲ್ಲಿ ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.

ಕಾಗದ ಪತ್ರದ ವಿಷಯ

ಎಂ.ಎಡ್. ಅನ್ನು ಅಂಚೆ ತೆರಪಿನಲ್ಲಿ ಮಾಡಬಹುದೇ ಎಂದು ಕೇಳುವವರು ಬಹಳ. ಎನ್‌ಸಿಟಿಇಯ 2014ರ ನಿಯಮಾವಳಿಯಲ್ಲಿ ಬಿ.ಎಡ್. ಮತ್ತು ಡಿ.ಎಲ್.ಎಡ್.ಗೆ ದೂರಶಿಕ್ಷಣದ ರೂಪ ಇದೆ, ಎಂ.ಎಡ್.ಗೆ ಇಲ್ಲ. ಇಗ್ನೋದಂತಹ ಕಡೆ ಸಿಗುವ ಎಂ.ಎ. ಎಜುಕೇಶನ್ ಒಳ್ಳೆಯ ಓದೇ, ಆದರೆ ಅದು ಎಂ.ಎಡ್. ಅಲ್ಲ. ಎಂ.ಎಡ್. ಎಂದು ನಮೂದಿಸಿದ ಹುದ್ದೆಗೆ ಅದನ್ನು ಹಿಡಿದು ಹೋದರೆ ನಿರಾಸೆ ಕಾದಿರುತ್ತದೆ. ಕೆಲವು ವರ್ಷದ ಹಿಂದೆ ನಮ್ಮ ಪರಿಚಯದವರೊಬ್ಬರು ಹೊರರಾಜ್ಯದ ಒಂದು ಸಂಸ್ಥೆಯಿಂದ, ವರ್ಷಕ್ಕೆ ಎರಡು ಸಲ ಹೋಗಿ ಬಂದು ಎಂ.ಎಡ್. ಪಡೆದರು. ಹೆಂಡತಿಯ ಬಳೆ ಅಡವಿಟ್ಟು ಶುಲ್ಕ ಕಟ್ಟಿದ್ದರು. ದಾಖಲೆ ಪರಿಶೀಲನೆಯ ದಿನ ಹಾಜರಿ ಪತ್ರ ಕೇಳಿದಾಗ ಕೊಡಲು ಏನೂ ಇರಲಿಲ್ಲ. ಆ ಅರ್ಜಿಗೆ ಲಕೋಟೆ ಬರೆದುಕೊಟ್ಟದ್ದು ನಾವೇ. ಸಂಸ್ಥೆಗೆ ಎನ್‌ಸಿಟಿಇ ಮಾನ್ಯತೆ ಇದೆಯೋ ಎಂದು ಆಗ ನಾವೂ ನೋಡಿರಲಿಲ್ಲ. ಈಗ ಯಾರೇ ಬಂದರೂ ಮೊದಲು ಎನ್‌ಸಿಟಿಇ ಜಾಲತಾಣದಲ್ಲಿ ಮಾನ್ಯತೆಯ ಪಟ್ಟಿ ತೆಗೆದು ನೋಡಿಯೇ ಮುಂದಿನ ಮಾತು.

ಕರ್ನಾಟಕದಲ್ಲಿ ಪಡೆದ ಪದವಿಗೆ ಕೇರಳದ ಕೆಲಸಕ್ಕೆ ಅರ್ಜಿ ಹಾಕುವಾಗ ಇಲ್ಲಿನ ವಿಶ್ವವಿದ್ಯಾಲಯದ ಮಾನ್ಯತಾ ಅಥವಾ ತತ್ಸಮಾನ ಪತ್ರ ಕೇಳುವುದುಂಟು. ಅದಕ್ಕೆ ಪಠ್ಯಕ್ರಮದ ಪ್ರತಿ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಬೇಕಾಗುತ್ತದೆ. ಪದವಿ ಮುಗಿದ ವಾರದಲ್ಲೇ ಪಠ್ಯಕ್ರಮಕ್ಕೆ ಕಾಲೇಜಿನ ಮೊಹರು ಹಾಕಿಸಿ ತನ್ನಿ. ಐದು ವರ್ಷ ಕಳೆದು ಹೋದರೆ ಅಲ್ಲಿ ನಿಮ್ಮನ್ನು ಗುರುತಿಸುವ ಗುಮಾಸ್ತನೂ ನಿವೃತ್ತನಾಗಿರುತ್ತಾನೆ.

ಹೆಸರಿನ ವಿಷಯ ಸಣ್ಣದಾಗಿ ಕಂಡರೂ ಹೆಚ್ಚು ತೊಂದರೆ ಕೊಡುವುದು ಇದೇ. ಕೇರಳದ ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಮಂಗಳೂರಿನ ಅಂಕಪಟ್ಟಿಯಲ್ಲಿ ಮುಂದೆ, ಆಧಾರಿನಲ್ಲಿ ತಂದೆಯ ಪೂರ್ತಿ ಹೆಸರು. ಊರಿನ ಹೆಸರನ್ನೇ ಮೂರು ಬಗೆಯಲ್ಲಿ ಬರೆಯುತ್ತಾರೆ. ಎಲ್ಲವೂ ಒಬ್ಬರದೇ ಎಂದು ವಿಲೇಜ್ ಆಫೀಸಿನಿಂದ ಒಂದು ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಪರಿಶಿಷ್ಟ ವರ್ಗದವರೂ ಇತರ ಅರ್ಹರೂ ಕೇರಳದಲ್ಲಿ ಓದುವುದಾದರೆ ಇ-ಗ್ರಾಂಟ್ಸ್ ಬಗ್ಗೆ ಪ್ರವೇಶದ ದಿನವೇ ವಿಚಾರಿಸಬೇಕು.

ಮೇಲೆ ಹೇಳಿದ ಅಧ್ಯಾಪಿಕೆ ಎರಡು ವರ್ಷದ ದಿನಗೂಲಿ ಬಿಟ್ಟು ಎಂ.ಎಡ್.ಗೆ ಸೇರಿದರು. ಮನೆಯಲ್ಲಿ ಇಷ್ಟವಿರಲಿಲ್ಲ, ಬರುವ ಸಂಬಳವೂ ಹೋಯಿತು, ಮುಂದೆ ಸಿಗುವುದೂ ಖಾತ್ರಿ ಇಲ್ಲ ಎಂದು ಅವರ ತಾಯಿ ನಮ್ಮ ಮೇಲೆಯೇ ಮುನಿಸಿಕೊಂಡಿದ್ದರು. ಆ ಮುನಿಸಿನಲ್ಲಿ ನ್ಯಾಯ ಇಲ್ಲ ಎಂದು ನಾವು ಹೇಳಲಾರೆವು. ಇನ್ನೂ ಖಾಯಂ ಹುದ್ದೆ ಆಗಿಲ್ಲ. ಕೆ-ಟೆಟ್ ಆಗಿದೆ, ಎಂ.ಎ. ಮೊದಲೇ ಇತ್ತು, ನೆಟ್‌ಗೆ ಓದುತ್ತಿದ್ದಾರೆ. ಅವರು ತಯಾರಿಸಿದ ಗೇಣಿ ಶಬ್ದಗಳ ಪಟ್ಟಿಯನ್ನು ಆಸುಪಾಸಿನ ಕೆಲವು ಶಾಲೆಯ ಅಧ್ಯಾಪಕರು ಜೆರಾಕ್ಸ್ ಮಾಡಿಕೊಂಡು ಹೋಗಿದ್ದಾರೆ. ಒಂದು ಪ್ರತಿ ಸಂಘದಲ್ಲಿಯೂ ಇದೆ, ಬೇಕಾದವರು ನೋಡಬಹುದು.

ಹಳೆಯ ಗೇಣಿ ಚೀಟು, ಪಟ್ಟೆ, ತೀರ್ವೆ ರಶೀದಿ ಮನೆಯಲ್ಲಿದ್ದವರು ಗೆದ್ದಲು ಹಿಡಿಯುವ ಮೊದಲು ಒಂದು ನಕಲನ್ನು ಸಂಘಕ್ಕೆ ಕೊಟ್ಟರೆ ಮುಂದೆ ಓದುವ ಮಕ್ಕಳಿಗೆ ಉಪಕಾರವಾಗುತ್ತದೆ. ಎಂ.ಎಡ್. ಅರ್ಜಿ ತುಂಬಲು ಸಹಾಯ ಬೇಕಾದವರು ಸಂಜೆ ಬರಬಹುದು. ಬರುವಾಗ ಎಸ್.ಎಸ್.ಎಲ್.ಸಿ. ಪುಸ್ತಕ, ಪದವಿ ಮತ್ತು ಬಿ.ಎಡ್. ಅಂಕಪಟ್ಟಿಗಳ ನಕಲು ತನ್ನಿ. ಮೂಲ ಪ್ರತಿಗಳನ್ನು ತೋರಿಸಿದರೆ ಸಾಕು, ದಯವಿಟ್ಟು ಸಂಘದಲ್ಲಿ ಬಿಟ್ಟು ಹೋಗಬೇಡಿ. ಹೋದ ವರ್ಷ ಬಿಟ್ಟು ಹೋದ ಒಂದು ಬಿ.ಎಡ್. ಅಂಕಪಟ್ಟಿ ಇನ್ನೂ ನಮ್ಮ ಕಪಾಟಿನಲ್ಲಿದೆ.

ಕಾರ್ಯದರ್ಶಿ